ಚಾವಣಿಯ ಆರು ಕಿಟಕಿಗಳು

ಮೋಸುಲ್‌ನಲ್ಲಿ ಸುಟ್ಟಗಾಯದವರಿಗೆ ಹೊಸ ವಾರ್ಡು ಕಟ್ಟುವ ಕೆಲಸ ನಮ್ಮ ಕಚೇರಿಗೆ ಬಂದಾಗ ಕಟ್ಟಡದ ವಿನ್ಯಾಸ ತುಮಾದಿರ್ ಪಾಲಿಗೆ ಬಂತು, ಗಾಳಿ ಕೊಳವೆಗಳದ್ದು ನಶ್ವಾನ್ ಪಾಲಿಗೆ. ತುಮಾದಿರ್ ಇನ್ನೂ ನಲವತ್ತು ದಾಟದ ಹೆಣ್ಣುಮಗಳು, ಆರ್ಕಿಟೆಕ್ಟ್. ನಶ್ವಾನ್ ನಿವೃತ್ತಿಯ ಅಂಚಿನಲ್ಲಿದ್ದ ಮೆಕ್ಯಾನಿಕಲ್ ಎಂಜಿನಿಯರ್. ಇಬ್ಬರ ಸಾಫ್ಟ್‌ವೇರ್ ಬೇರೆ ಬೇರೆ. ಅವಳು ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಯನ್ನು ಕಳಿಸುತ್ತಿದ್ದಳು, ಅವರು ಅದನ್ನು ತಮ್ಮದರಲ್ಲಿ ತೆರೆದು ಕೊಳವೆ ಎಳೆಯುತ್ತಿದ್ದರು.

ಒಂದು ದಿನ ಎರಡೂ ಮಾದರಿಗಳನ್ನು ಒಂದರ ಮೇಲೊಂದಿಟ್ಟು ನೋಡಿದ ತುಮಾದಿರ್ ಎದ್ದು ನಶ್ವಾನ್ ಮೇಜಿಗೆ ಹೋದಳು. ಆರು ಕೋಣೆಗಳ ಚಾವಣಿಯಲ್ಲಿ ಅವಳಿಟ್ಟ ಆರು ಕಿಟಕಿಗಳ ಅಡಿಯಲ್ಲೇ ದಪ್ಪ ಕೊಳವೆ ಹಾದುಹೋಗಿತ್ತು.

"ಕಿಟಕಿ ಕಾಣ್ಲಿಲ್ವಾ ಉಸ್ತಾದ್?"

"ಇದ್ರೆ ತಾನೇ ಕಾಣೋದು?" ಎಂದು ನಶ್ವಾನ್ ತಮ್ಮ ಪರದೆಯನ್ನು ಅವಳತ್ತ ತಿರುಗಿಸಿದರು. ಗೋಡೆ, ಬಾಗಿಲು, ಹಾಸಿಗೆ ಎಲ್ಲ ಬಂದಿದ್ದವು. ಚಾವಣಿ ಮಾತ್ರ ನುಣ್ಣಗಿತ್ತು. ಅವಳು ತನ್ನದೇ ರೀತಿಯಲ್ಲಿ ರೂಪಿಸಿದ್ದ ಕಿಟಕಿಗಳನ್ನು ಅವರ ಸಾಫ್ಟ್‌ವೇರ್ ಗುರುತಿಸದೆ ಕೈಬಿಟ್ಟಿತ್ತು.

"ಗೋಡೇಲಿ ಕಿಟಕಿ ಇದೆಯಲ್ಲಮ್ಮ, ಸಾಲ್ದಾ?"

"ನನ್ನ ತಮ್ಮ ಹಾರಿಸ್ ಮೈಯೆಲ್ಲ ಸುಟ್ಕೊಂಡು ಅಂಗಾತ ಮಲಗಿದ್ದ ಉಸ್ತಾದ್. ಕತ್ತು ತಿರುಗಿಸೋಕಾಗ್ತಿರ್ಲಿಲ್ಲ. ಸಾಯೋವರೆಗೂ ಅವನಿಗೆ ಕಂಡಿದ್ದು ಚಾವಣಿಯ ಬಿಳೀ ಸುಣ್ಣ ಒಂದೇ."

ನಶ್ವಾನ್ ಕನ್ನಡಕ ತೆಗೆದರು. "ಹಳೇ ಆಸ್ಪತ್ರೆ ಯಂತ್ರಗಳನ್ನ ನೋಡ್ಕೋತಿದ್ದೋನು ನಾನು. ಗಾಳಿ ಯಂತ್ರ ಕೆಟ್ಟಾಗ ಒಬ್ಬರ ಸೋಂಕು ಇನ್ನೊಬ್ಬರಿಗೆ ಹತ್ತಿ ಸಾಲಾಗಿ ಹೋದ್ರು. ಗಾಳಿ ವಿಷಯದಲ್ಲಿ ನಾನು ಬಗ್ಗಲ್ಲ."

"ಬಗ್ಗಿ ಅಂತ ನಾನೂ ಕೇಳಲ್ಲ."

ಮರುದಿನದಿಂದ ಇಬ್ಬರೂ ಒಂದೇ ಮೇಜಿಗೆ ಬಂದರು. ಫೈಲು ಕಳಿಸಿದ ಮೇಲೆ ಯಾವುದು ದಾಟಿತು, ಯಾವುದು ಈಚೆಯೇ ಉಳಿಯಿತು ಎಂದು ಕೋಣೆ ಕೋಣೆಯನ್ನೂ ಜೊತೆಗೇ ನೋಡಿದರು. ಅವರ ಸಾಫ್ಟ್‌ವೇರಿಗೂ ತಿಳಿಯುವಂತೆ ಅವಳು ಕಿಟಕಿಗಳನ್ನು ಹೊಸದಾಗಿ ಮಾಡಿದಳು. ಅವರು ದಪ್ಪ ಕೊಳವೆಯನ್ನು ಎರಡಾಗಿ ಒಡೆದು ಕಾರಿಡಾರಿನ ಮೇಲೆ ಹಾಯಿಸಿದರು. ಅದಕ್ಕೆ ಜಾಗವಾಗಲೆಂದು ಅಲ್ಲಿನ ಚಾವಣಿಯನ್ನು ಅವಳು ತಗ್ಗಿಸಿದಳು.

"ಡಾಕ್ಟರುಗಳು ಒಂಚೂರು ತಲೆ ತಗ್ಗಿಸಿ ನಡೀಲಿ, ಒಳ್ಳೇದೇ," ಎಂದರು ನಶ್ವಾನ್. ಅವಳು ನಕ್ಕಳು.

ಆದರೆ ಆರನೇ ಕೋಣೆ ಗಾಳಿ ಯಂತ್ರದ ಕೋಣೆಗೆ ಅಂಟಿಕೊಂಡಿತ್ತು. ಎಲ್ಲ ಕೊಳವೆಗಳೂ ಅದರ ಮೇಲೆಯೇ ಬಂದು ಕೂಡಬೇಕಿತ್ತು. ಎಷ್ಟು ತಿಣುಕಿದರೂ ಬೇರೆ ದಾರಿ ಸಿಗಲಿಲ್ಲ. ನಶ್ವಾನ್ ಅಳಿಸು ಎನ್ನಲಿಲ್ಲ. ಆ ಕಿಟಕಿಯನ್ನು ಅವಳೇ ಅಳಿಸಿದಳು.

ವಾರ್ಡು ತೆರೆದ ಮೇಲೆ ಒಂದು ಮಧ್ಯಾಹ್ನ ತುಮಾದಿರ್ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಆರನೇ ಕೋಣೆಗೆ ಹೋದಳು. ರೊಟ್ಟಿ ಸುಡುವಾಗ ಒಲೆಯ ಬೆಂಕಿ ತಗುಲಿದ ಮುದುಕಿಯೊಬ್ಬಳು ಕತ್ತು ಹೊರಳಿಸಲಾಗದೆ ಅಂಗಾತ ಮಲಗಿದ್ದಳು.

"ಹೊತ್ತು ಮುಳುಗ್ತಾ ಮಗಳೇ?"

"ಇನ್ನೂ ಇಲ್ಲ ಅಮ್ಮಾ."

"ಹೊರಗೆ ಹೇಗಿದೆ?"

ತುಮಾದಿರ್ ಕುರ್ಚಿ ಎಳೆದುಕೊಂಡು ಕೂತಳು. ಇವತ್ತು ಧೂಳಿಲ್ಲ, ಹೊಳೆಯ ಆಚೆ ದಡದವರೆಗೂ ಬಿಸಿಲಿದೆ, ಯಾರೋ ತಾರಸಿಯಿಂದ ಪಾರಿವಾಳ ಬಿಟ್ಟಿದ್ದಾರೆ ಎಂದಳು.

ಮುದುಕಿ ಕಣ್ಣು ಮುಚ್ಚಿದಳು.

"ಯಾವ ಬಣ್ಣದವು?" ಎಂದು ಕೇಳಿದಳು.