ಕೊನೆಯ ಗುರುವಾರದ ಬಟಾಣಿ ಸಾರು

ಕಟಕ್, ಮತ್ತೆ ಆ ಸದ್ದು, ಊಟದ ಸಾಲಿನಲ್ಲಿ ಏಳನೆಯವಳಾಗಿ ನಿಂತ ಸಿಗ್ನೆ ಹಳದಿ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಆಡುತ್ತಿದ್ದಾಳೆ, ಬಡಿಸುತ್ತಿದ್ದ ಅಜ್ಜಿ ಮರೀಟಾಳ ಸೌಟು ಹಂಡೆಯಲ್ಲಿ ನಿಂತಿತು, ಮತ್ತೆ ತಿರುಗಿತು — ಗುರುವಾರ, ಸ್ವೀಡನ್ನಿನ ಯಾವ ಶಾಲೆಗೆ ಹೋದರೂ ಗುರುವಾರ ಬಟಾಣಿ ಸಾರು, ಆಮೇಲೆ ಪ್ಯಾನ್‌ಕೇಕ್, ಮೊಮ್ಮಗಳಿಗೆ ಇದೇ ಕೊನೆಯ ಗುರುವಾರ, ಸೋಮವಾರದಿಂದ ಗಡಿಯಾಚೆ ನಾರ್ವೆಯ ಶಾಲೆ, ಅಲ್ಲಿ ಒಲೆಯೇ ಇಲ್ಲವಂತೆ, ಒಲೆಯಿಲ್ಲದ್ದೂ ಒಂದು ಶಾಲೆಯೇ, ಮನೆಯಿಂದ ಒಯ್ದ ಬ್ರೆಡ್ಡು, ಅದರ ಮೇಲೆ ಸೋಪಿನ ಬಿಲ್ಲೆಯಂಥ ಕಂದು ಚೀಸು, ಸಮುದ್ರದ ತಳ ಬಗೆದು ಎಣ್ಣೆ ತೆಗೆಯುವ ದೇಶಕ್ಕೆ ಮಕ್ಕಳಿಗೊಂದು ಸೌಟು ಬಿಸಿ ಸಾರು ಹಾಕುವ ಯೋಗ್ಯತೆಯಿಲ್ಲ — ಏಯ್, ಬಟ್ಟಲು ನೆಟ್ಟಗೆ ಹಿಡಿಯೋ, ಸಾಸಿವೆ ಗೊಜ್ಜು ಆಮೇಲೆ ಹಾಕ್ಕೋ — ಭಾನುವಾರ ನಾರ್ವೆಯ ಅಳಿಯ ಶೆಟಿಲ್ ಕಾಲು ಚಾಚಿ ಕೂತು ಕಾಫಿ ಹೀರುತ್ತ, ಅತ್ತೆ, ನಮ್ಮ ಕಡೆ ಸಂಬಳ ಒಂದೂವರೆ ಪಟ್ಟು, ಮೂರೂವರೆಗೆಲ್ಲ ಕೆಲಸ ಮುಗೀತದೆ, ಮಗೂನ ಕರ್ಕೊಂಡು ಬೆಟ್ಟ ಹತ್ಬಹುದು, ಬದುಕು ಅಂದ್ರೆ ಅದು — ಬದುಕಂತೆ, ಅಷ್ಟು ಸುಖವಾಗಿದ್ರೆ ನಿಮ್ಮೋರು ಶನಿವಾರ ಬಂತೂಂದ್ರೆ ನಮ್ಮೂರ ಅಂಗಡಿ ಮುಂದೆ ಮೈಲುದ್ದ ಕಾರು ನಿಲ್ಲಿಸಿ ಅಗ್ಗದ ಹಂದಿಮಾಂಸ, ಮಿಠಾಯಿ ಹೊತ್ಕೊಂಡು ಹೋಗೋದ್ಯಾಕೆ ಅಳಿಯಂದಿರೇ, ಬೆಟ್ಟ ತಿಂದ್ರೆ ಹೊಟ್ಟೆ ತುಂಬಲ್ವಾ, ಎಂದಿದ್ದಳು, ಅವನು ನಕ್ಕ, ಜೇಬು ತುಂಬಿದವರ ನಗು, ಆದರೆ ಮಗಳು ಮಾಲಿನ್ ನಗಲಿಲ್ಲ, ಸಾಕು ಮಾಡಮ್ಮ, ನಾನು ಇಲ್ಲೇ ಬಿಸಿ ಊಟ ಉಂಡು ಬೆಳೆದೆ, ಒಂಬತ್ತು ವರ್ಷ, ಬಡಿಸೋಕೆ ನೀನಿದ್ಯಾ, ನೀನು ನಾರ್ವೇಲಿ ಸಿಗಡಿ ಸುಲೀತಿದ್ದೆ — ಸುಳ್ಳು, ಒಂಬತ್ತಲ್ಲ, ಆರು, ಆರೇ ವರ್ಷ, ಶುಕ್ರವಾರ ಸಂಜೆ ಬಸ್ಸು ಹತ್ತಿ ಬರುತ್ತಿರಲಿಲ್ಲವೇ, ಗಂಡನೆಂಬುವನು ಬಿಟ್ಟು ಹೋದ, ಇಲ್ಲಿಯ ಕಾಗದದ ಕಾರ್ಖಾನೆ ಬಾಗಿಲು ಹಾಕಿತು, ಮಗುವನ್ನು ತನ್ನಮ್ಮನ ಹತ್ತಿರ ಬಿಟ್ಟು ನಾರ್ವೆಗೆ ಹೋಗದೆ ಇನ್ನೇನು ಮಾಡಬೇಕಿತ್ತು, ಬೆರಳು ಮರಗಟ್ಟುವವರೆಗೆ ಸಿಗಡಿ, ಹನ್ನೊಂದೂವರೆಗೆ ಕಟಕ್ ಕಟಕ್ ಕಟಕ್, ಉದ್ದ ಮೇಜಿನಲ್ಲಿ ಎಲ್ಲರ ಡಬ್ಬಿಗಳು, ಒಣ ಬ್ರೆಡ್ಡು ಗಂಟಲಲ್ಲಿ ಸಿಕ್ಕಿಕೊಂಡಾಗ ಅಂದುಕೊಳ್ಳುತ್ತಿದ್ದಳು, ಈಗ ಮಾಲಿನ್ ಸಾಲಿನಲ್ಲಿ ನಿಂತಿರುತ್ತಾಳೆ, ಯಾವಳೋ ಒಬ್ಬ ಪುಣ್ಯಾತ್ಗಿತ್ತಿ ಅವಳ ಬಟ್ಟಲಿಗೆ ಬಿಸಿ ಸಾರು ಸುರಿಯುತ್ತಿರುತ್ತಾಳೆ — ಆ ಯಾವಳೋ ಒಬ್ಬಳು ತಾನಾಗಬೇಕೆಂದೇ ಅಲ್ಲವೇ ವಾಪಸು ಬಂದು ಅರ್ಧ ಸಂಬಳಕ್ಕೆ ಈ ಸೌಟು ಹಿಡಿದದ್ದು, ಅಷ್ಟರಲ್ಲಿ ಮಾಲಿನ್ ಶಾಲೆ ಮುಗಿಸಿಬಿಟ್ಟಿದ್ದಳು, ಅವಳಿಗೆ ಒಂದು ಸೌಟೂ ಹಾಕಲಿಲ್ಲ, ಹೋಗಲಿ, ಸಿಗ್ನೆಗಾದರೂ, ಸಿಗ್ನೆಗೆ ಬಡಿಸಿದ್ದೂ ಎರಡೇ ವರ್ಷ, ಈಗ ಅವಳನ್ನೂ ಅದೇ ಮೇಜಿಗೆ ಕೂರಿಸಲು ಒಯ್ಯುತ್ತಿದ್ದಾರೆ, ಬೆಟ್ಟ ಹತ್ತಿಸುತ್ತಾರಂತೆ — ಅಜ್ಜೀ, ನೋಡು, ಹೊಸದು, ನನ್ನ ಹೆಸರು ಬರ್ದಿದೆ, ಬಟ್ಟಲಿಲ್ಲದೆ ಬಂದು ನಿಂತಿದ್ದಾಳೆ ಪೋರಿ, ಕಟಕ್, ಹಳದಿ ಡಬ್ಬಿಯನ್ನು ಬಾಯಿ ತೆರೆದು ಹಂಡೆಯ ಪಕ್ಕ ಇಟ್ಟಳು, ಸಾರು ಇದಕ್ಕೇ ಹಾಕಜ್ಜಿ, ಸೋಮವಾರ ಅಲ್ಲಿ ತಿನ್ತೀನಿ — ಇದರಲ್ಲಿ ಸಾರು ನಿಲ್ಲಲ್ಲ ಕಣೇ, ಎನ್ನಬೇಕು, ಹಿಂದೆ ಹುಡುಗರು ನೂಕಾಡುತ್ತಿದ್ದಾರೆ, ಸೌಟು ತುಂಬಿದೆ, ತೊಟ್ಟಿಕ್ಕುತ್ತಿದೆ, ಹಳದಿ ಡಬ್ಬಿ, ಒಂದು ಬೆರಳಿನ ಆಳ, ಎರಡು ತುಂಡು ಬ್ರೆಡ್ಡಿಗೆ ಸರಿಯಾಗಿ ಅಳತೆ ಮಾಡಿದ ಆಳ, ಆ ಉದ್ದ ಮೇಜಿನಲ್ಲಿ ತಾನು ತೆರೆಯುತ್ತಿದ್ದಂಥದೇ, ಹಳದಿ ಡಬ್ಬಿ