ಹಾಡ್ಯಾಡಿ ಅಳುವವಳು

ಬಸಲಿಂಗವ್ವ ಬಾಗಿಲಿಗೆ ಬರುತ್ತಲೇ ಹೆಂಗಸರೆಲ್ಲ ಸರಿದು ಜಾಗ ಬಿಟ್ಟರು. ಗೋಡೆಗೆ ಒರಗಿಸಿ ಕೂಡಿಸಿದ್ದ ತಮ್ಮ ಶೇಖರಪ್ಪನ ಶವದ ಹಣೆಗೆ ಆಗಷ್ಟೇ ವಿಭೂತಿ ಬಳಿದಿದ್ದರು. ನಸುಕಿನಲ್ಲಿ ಎದೆನೋವೆಂದವನು ಆಸ್ಪತ್ರೆ ಮುಟ್ಟಿರಲಿಲ್ಲ. ಕುಂದಗೋಳದ ಕಡೆಯಿಂದ ಅಕ್ಕ ಬರಲೆಂದೇ ಗೋಪನಕೊಪ್ಪದ ಆ ಮನೆ ಕಾದಿತ್ತು. ಸತ್ತವರ ಗುಣಗಳನ್ನು ಒಂದೊಂದಾಗಿ ಕರೆದು ಹಾಡ್ಯಾಡಿ ಅಳುವುದರಲ್ಲಿ ಅವಳನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಅವಳು ತಮ್ಮನ ಎದುರು ಕುಳಿತು ಬಾಯಿ ತೆರೆದಳು. ಅಷ್ಟರಲ್ಲಿ ತಂದೆಯ ಕಾಲ ಬಳಿ ಕುಳಿತಿದ್ದ ಋತುಜಾ ಕಣ್ಣಿಗೆ ಬಿದ್ದಳು. ಬಸಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನಾಗಿಬಿಟ್ಟಳು.

ಯಾಕೆಂದು ಋತುಜಾಳಿಗೆ ಗೊತ್ತಿತ್ತು.

ಧಾರವಾಡದ ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗಿ. ತತ್ವಶಾಸ್ತ್ರ ತೆಗೆದುಕೊಂಡಾಗ ಅದನ್ನೋದಿ ಏನು ಉದ್ಧಾರವಾಗುತ್ತೀ ಎಂದ ನೆಂಟರಿಗೆ, ನನ್ನ ಮಗಳು ವಿಚಾರ ಮಾಡುವುದನ್ನು ಕಲಿತರೆ ನಿಮಗೇನು ತ್ರಾಸು ಎಂದು ಬಾಯಿ ಮುಚ್ಚಿಸಿದವನು ಶೇಖರಪ್ಪ. ಈ ವರ್ಷ ಸೌಂದರ್ಯಮೀಮಾಂಸೆಯ ಪಾಠ. ನಾಟಕದ ದುಃಖ ಹಿತವಾಗುತ್ತದೆ, ಮನೆಯ ದುಃಖ ಯಾಕೆ ಆಗುವುದಿಲ್ಲ ಎಂದು ಯಜ್ಞೇಶ್ವರ ಸರ್ ಕೇಳಿ, ಉದಾಹರಣೆ ಇಟ್ಟುಕೊಂಡು ಮಾತಾಡಲು ಹೇಳಿದ್ದರು. ಉಳಿದವರು ಸಿನಿಮಾ ತಂದರು. ಋತುಜಾ ಸೋದರತ್ತೆಯನ್ನು ತಂದಳು.

ಮಾವ ತೀರಿಕೊಂಡ ದಿನ ಬಸಲಿಂಗವ್ವ ಗಂಡನ ಮುಂದೆ ಕುಳಿತು ಅತ್ತದ್ದನ್ನು ಅವಳು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಪ್ರೀತಿಯಿಂದಲೇ, ಸುಳ್ಳೇಕೆ ಹೇಳಬೇಕು. ಕ್ಲಾಸಿನಲ್ಲಿ ಅದನ್ನು ಕೇಳಿಸಿ, ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಕ್ಲಾಸು ಚಪ್ಪಾಳೆ ತಟ್ಟಿತು. ಸರ್ ಮಾತ್ರ, ಆ ತಾಯಿಯ ಒಪ್ಪಿಗೆ ಕೇಳಿದ್ದೀಯಾ ಎಂದರು. ಕೇಳಿದರಾಯಿತು ಬಿಡಿ ಎಂದು ನಕ್ಕಳು. ಸಹಪಾಠಿ ಸೌರಭ ಬೇಡಿದನೆಂದು ಅವನಿಗೆ ಕಳಿಸಿಯೂ ಕೊಟ್ಟಳು. ಅದು ಫೋನಿನಿಂದ ಫೋನಿಗೆ ಹೋಗಿ ಬಸಲಿಂಗವ್ವನ ಓಣಿಯನ್ನೇ ಮುಟ್ಟಿತು. ಪಡ್ಡೆ ಹುಡುಗರು ಕಟ್ಟೆಯ ಮೇಲೆ ಕುಳಿತು ಅದನ್ನು ಹಚ್ಚಿ ನಕ್ಕರಂತೆ. ಹಾಲಿಗೆ ಹೊರಟವಳು ನಡುದಾರಿಯಲ್ಲಿ ನಿಂತು ತನ್ನ ಅಳು ತಾನೇ ಕೇಳಿದಳಂತೆ. ಸುದ್ದಿ ಕಿವಿಗೆ ಬಿದ್ದ ಮೇಲೂ ಋತುಜಾ ಅತ್ತೆಗೆ ಫೋನು ಮಾಡುವ ಧೈರ್ಯವಿಲ್ಲದೆ ದಿನ ನೂಕಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಶೇಖರಪ್ಪನಿಗೆ ಇದೇನೂ ಗೊತ್ತಿರಲಿಲ್ಲ, ಪಾಪ. ಅಕ್ಕ ಬಂದಾಗಲೆಲ್ಲ ಊಟಕ್ಕೆ ಕುಳಿತು ಛೇಡಿಸುತ್ತಿದ್ದ.

"ನಾ ಸತ್ತಾಗ ಕಂಜೂಸತನ ಮಾಡಬ್ಯಾಡಕ್ಕಾ ಮತ್ತ. ಓಣಿಗೆ ಓಣೀನ ಅಳಬೇಕು."

ನನ್ನ ಮಣ್ಣಿಗೆ ನೀನು ಬರಬೇಕಾದವನು, ಹುಚ್ಚ, ಎಂದು ಅವಳು ಅವನ ತಲೆಗೆ ಮೊಟಕುತ್ತಿದ್ದಳು. ಆಮೇಲೆ, ಆಗಲಿ ಬಿಡು, ಮಾತು ಕೊಟ್ಟೆ ಎನ್ನುತ್ತಿದ್ದಳು.

ಶವವನ್ನು ಕೂಡಿಸಿ ಹೊರುವ ವಿಮಾನಕ್ಕೆ ಚೆಂಡುಹೂ ಕಟ್ಟಿ ಮುಗಿದಿತ್ತು. ಅತ್ತು ಹಗುರಾಗು, ಕಲ್ಲಾಗಬೇಡ ಎಂದು ಹೆಂಗಸರು ಬಸಲಿಂಗವ್ವನ ಭುಜ ಅಲುಗಿಸಿದರು. ಋತುಜಾಳ ತಾಯಿ ರಜನಿ ಗಂಡನ ಅಕ್ಕನ ಕೈ ಹಿಡಿದು, ಅವರಿಗೆ ಮಾತು ಕೊಟ್ಟಿದ್ದಿರಿ ಎಂದಷ್ಟೇ ಹೇಳಿ ಕುಸಿದಳು. ಋತುಜಾ ಮೊಣಕಾಲ ಮೇಲೆ ಸರಿದು ಬಂದು ಎರಡೂ ಅಂಗೈ ಬಿಚ್ಚಿ ತೋರಿಸಿದಳು.

"ಅತ್ತಿ, ಫೋನ್ ಇಲ್ಲ ನನ್ನ ಕಡೆ. ಅಳು ಅತ್ತಿ. ಅಪ್ಪನ ಸಲುವಾಗಿ ಅಳು."

ಬಸಲಿಂಗವ್ವ ಆ ಅಂಗೈಗಳನ್ನು ನೋಡಿ ಸೆರಗನ್ನು ಬಾಯಿಂದ ಸರಿಸಿದಳು.

"ನಿನ್ನ ಮ್ಯಾಲ ಸಿಟ್ಟಿಲ್ಲವಾ. ಬಾಯಿ ತೆಗದ್ರ ನನ್ನ ದನಿ ನನಗ ಕೇಳಸ್ತೈತಿ. ಛಲೋ ಬರಾಕತ್ತೈತೋ ಇಲ್ಲೋ ಅಂತ ನೋಡಾಕತ್ತೇನಿ. ತಮ್ಮನ ಮುಂದ ಕುಂತು ಹಂಗ ಹೆಂಗ ಅಳ್ಲಿ?"

ಋತುಜಾ ತಾನೇ "ಅಪ್ಪಾ" ಎಂದಳು. ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲ ಗೊತ್ತಿತ್ತು. ಮುಂದಿನ ಮಾತು ಬರಲಿಲ್ಲ. ಬಸಲಿಂಗವ್ವ ಅವಳ ಖಾಲಿ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹೊರಗೆ ಭಜನೆಯವರು ತಾಳ ಹಿಡಿದು, ಅಕ್ಕನ ಅಳು ಮೊದಲಾಗಲಿ ಎಂದು ಇನ್ನೂ ಕಾದಿದ್ದರು.