ಹಫೀಜ್ ಮಾಸ್ತರರ ಸಂಖ್ಯೆ

"ಮೂರು, ಎಂಟು, ಒಂದು, ಆರು, ಐದು..." ಎಂದು ಹಫೀಜ್ ಮಾಸ್ತರರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಹಗ್ಗದ ಹೊರಸಿನ ಅಂಚಿಗೆ ಕೂತಿದ್ದ ಹೆಂಡತಿ ಗುಲ್ಷನ್‌ಬೀ ಕಾದಳು. ನಿನ್ನೆಯವರೆಗೂ ಬರುತ್ತಿದ್ದ ನಾಲ್ಕು ಇವತ್ತು ಬರಲಿಲ್ಲ.

ಲಿಂಗಸುಗೂರಿನಲ್ಲಿ ಗಣಿತ ಕಲಿಸುತ್ತಿದ್ದ ಕಾಲಕ್ಕೆ ವರ್ಷದ ಮೊದಲ ದಿನ ಅವರು ಬೋರ್ಡಿನ ತುಂಬ 3816547290 ಎಂದು ಬರೆಯುತ್ತಿದ್ದರು. ಹತ್ತೂ ಅಂಕಿ, ಒಂದೊಂದೇ ಸಲ. ಇಡೀ ಸಂಖ್ಯೆ ಹತ್ತರಿಂದ ಭಾಗವಾಗುತ್ತದೆ. ಬಾಲದ ಸೊನ್ನೆ ಅಳಿಸಿದರೆ ಉಳಿದದ್ದು ಒಂಬತ್ತರಿಂದ, ಇನ್ನೊಂದು ಅಳಿಸಿದರೆ ಎಂಟರಿಂದ, ಹೀಗೆ ಒಂದರವರೆಗೂ ಶೇಷವೆಂಬುದಿಲ್ಲ. ಹತ್ತೂ ಅಂಕಿ ಸೇರಿ ಇಂಥ ಸಂಖ್ಯೆ ಇದೊಂದೇ. "ಎಷ್ಟು ಕಳಕೊಂಡ್ರೂ ಉಳಿದದ್ದು ಕೆಡಂಗಿಲ್ಲ, ನೋಡ್ರಿ" ಎಂದು ಹುಡುಗರಿಗೆ ಹೇಳುತ್ತಿದ್ದರು.

ಅವರಿಗೆ ಬಂದ ಮರೆವಿನ ರೋಗಕ್ಕೂ ಲೆಕ್ಕ ಗೊತ್ತಿತ್ತೋ ಏನೋ, ಅದೂ ಬಾಲದಿಂದಲೇ ತಿನ್ನುತ್ತ ಬಂತು. ಮೊದಲು ಮೊಮ್ಮಗಳು ಮರೆತುಹೋದಳು, ಆಮೇಲೆ ಮಗ ಸಮೀಉಲ್ಲಾನ ಹೆಂಡತಿ ನಗ್ಮಾ, ಆಮೇಲೆ ಮಸ್ಕಿಯಲ್ಲಿ ಕಟ್ಟಿಸಿದ ಈ ಮನೆ. ಶಾಲೆಯ ಮೆಟ್ಟಿಲು ಹತ್ತದ ಗುಲ್ಷನ್‌ಬೀ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡು, ಮೂರರ ಪಕ್ಕದ ಎಂಟು ತಾನೇ ಎಂದು ಮನಸ್ಸಿನಲ್ಲಿ ಜಾಗ ಹಿಡಿದಿಟ್ಟಿದ್ದಳು. ಎಳೆ ವಯಸ್ಸಿಗೇ ಮದುವೆಯಾಗಿ ಬಂದವಳು, ತನ್ನ ಸರದಿ ಅಷ್ಟು ಬೇಗ ಬರಲಾರದೆಂಬ ಧೈರ್ಯ.

"ಮಾಸ್ತರು ಹೆಂಗದಾರ ಅಕ್ಕಾ?" ಪಕ್ಕದ ಮನೆಯ ಕಲ್ಯಾಣಮ್ಮ ಕೊಡ ಹೊತ್ತು ಹೋಗುತ್ತ ಕೇಳಿದಳು.

"ಇನ್ನೂ ಐದು ಉಳದಾವ. ನನ್ನ ಮಟ ಬರಾಕ ಇನ್ನೂ ದಿನಾ ಅದಾವ ಬಿಡು" ಎಂದು ಗುಲ್ಷನ್‌ಬೀ ನಕ್ಕು ಒಳಗೆ ಹೋದಳು.

ಚಹಾ ತಂದಾಗ ಮಾಸ್ತರರು ಆಕೆಯನ್ನು ಕಂಡು ನೆಟ್ಟಗೆ ಕೂತರು, ಲುಂಗಿ ಸರಿಮಾಡಿಕೊಂಡರು.

"ಬರ್ರಿ, ಕೂಡ್ರಿ. ನೀವು ಯಾವ ಹುಡುಗನ ತಾಯಿ ರೀ?"

ಮನೆಯಲ್ಲಿ ಅವರ ಮಾತು ದಖನಿ ಉರ್ದು. ಮದುವೆಯಾದಾಗಿನಿಂದ ಆಕೆಯೊಂದಿಗೆ ಅವರು ಕನ್ನಡ ಆಡಿದ್ದೇ ಇಲ್ಲ. ಅದು ಶಾಲೆಯ ಮಾತು, ಹೊರಗಿನವರ ಮಾತು. ಗುಲ್ಷನ್‌ಬೀ ಚಹಾದ ಕಪ್ಪನ್ನು ಅವರ ಮುಂದಿಟ್ಟಳು.

"ಮೈ ಗುಲ್ಷನ್, ಜೀ" ಎಂದಳು.

ಮಾಸ್ತರರು ನಯವಾಗಿ ನಕ್ಕರು. "ಅಂಜಬ್ಯಾಡ್ರಿ. ಮಗನ ಹೆಸರು ಹೇಳ್ರಿ."

ಆಕೆಗೆ ಅಳು ಉಕ್ಕಿ ಬಂತು. ಅತ್ತರೆ ಇವರು ಗಾಬರಿಯಾಗುತ್ತಾರೆಂದು ನುಂಗಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಸಮೀಉಲ್ಲಾನ ತಾಯಿ ರೀ, ಸರ."

"ಹೌದಾ? ಹುಡುಗ ಶಾಣ್ಯಾ ಅದಾನ್ರಿ. ಮನ್ಯಾಗ ಅವರಪ್ಪಗ ಹೇಳ್ರಿ, ಸಂಜೀಕ ಸ್ವಲ್ಪ ಮಗನ ಕೂಡ ಕುಂದ್ರು ಅಂತ."

"ಹೇಳ್ತೀನ್ರಿ, ಸರ."

ಅವರು ಬಸಿಗೆ ಚಹಾ ಸುರುವಿಕೊಂಡು ಕುಡಿಯತೊಡಗಿದರು. ಹೊರಸಿನ ಮೇಲೆ ಜಾಗ ಬೇಕಾದಷ್ಟಿತ್ತು. ಗುಲ್ಷನ್‌ಬೀ ಬಾಗಿಲ ಬಳಿ ಗೋಡೆ ಹಿಡಿದು ನಿಂತೇ ಇದ್ದಳು.